ಅಂಚಿನಲ್ಲಿ ನಿಂತು ಗೋಲು ಹೊಡೆದವನು: ಕ್ಲಿಫ್ ಬ್ಯಾಸ್ಟಿನ್

ಹನ್ನೊಂದು ಜನ ಸೇರಿ ಆಡುವ ಕಾಲ್ಚೆಂಡಾಟದಲ್ಲಿ ನೋಡುವವರ ಕಣ್ಣು ಮೊದಲು ಹೋಗುವುದು ನಡುವೆ ನಿಂತವನ ಕಡೆಗೆ. ಗೋಲು ಹೊಡೆಯುವವನು ಅವನು. ನೋಟೀಸು ಬೋರ್ಡಿನಲ್ಲಿ ಹೆಸರು ಬರುವುದು ಅವನದು. ಗೆದ್ದ ದಿನ ಗೆಳೆಯರ ಹೆಗಲೇರುವವನೂ ಅವನೇ. ಸುಣ್ಣದ ಗೆರೆಯ ಪಕ್ಕದಲ್ಲಿ, ನೋಡಲು ಬಂದವರ ಕಾಲಿಗೆ ತಗಲುವಷ್ಟು ಹತ್ತಿರದಲ್ಲಿ ಓಡಾಡುವ ಇನ್ನೊಬ್ಬನಿರುತ್ತಾನೆ. ಅವನನ್ನು ಇಂಗ್ಲಿಷಿನಲ್ಲಿ ವಿಂಗರ್ ಎನ್ನುತ್ತಾರೆ. ವಿಂಗ್ ಎಂದರೆ ರೆಕ್ಕೆ ನಿಜ. ಆದರೆ ಅವನು ನಿಲ್ಲುವ ಜಾಗವನ್ನು ಕಂಡವರು ಅವನನ್ನು ಅಂಚಿನ ಆಟಗಾರ ಎಂದು ಕರೆದರೆ ಹೆಚ್ಚು ಸರಿಹೋದೀತು. ಈ ಲೇಖನದಲ್ಲಿ ನಾನು ಹಾಗೆಯೇ ಕರೆಯುತ್ತೇನೆ.

ನಾನು ಹರವೆಯವನು. ನಮ್ಮೂರಲ್ಲಿ ಕಬಡ್ಡಿ ಉಂಟು, ವಾಲಿಬಾಲ್ ಉಂಟು, ಕ್ರಿಕೆಟ್ಟಿನ ಮಾತಂತೂ ಕೇಳುವುದೇ ಬೇಡ. ಕಾಲ್ಚೆಂಡನ್ನು ನಾನು ಮೊದಲು ಒದ್ದದ್ದು ಈ ಕಾಲೇಜಿಗೆ ಸೇರಿದ ಮೇಲೆ. ಮೊದಲ ವರ್ಷ ತಂಡಕ್ಕೆ ಒಬ್ಬ ಕಡಿಮೆಯಾಗಿದ್ದ. ನಾನು ಎಡಗಾಲಿನವನೆಂದು ತಿಳಿದು ಹಿರಿಯ ವಿದ್ಯಾರ್ಥಿಯೊಬ್ಬರು ನನ್ನನ್ನು ಎಡಗಡೆಯ ಗೆರೆಯ ಪಕ್ಕದಲ್ಲಿ ನಿಲ್ಲಿಸಿ, "ನೀನು ಇಲ್ಲೇ ಇರು. ಚೆಂಡು ಬಂದರೆ ನಡುವಿಗೆ ಒದೆ. ಬೇರೆ ಏನೂ ಮಾಡಬೇಡ" ಎಂದರು. ಎರಡು ವರ್ಷ ನಾನು ಬೇರೆ ಏನೂ ಮಾಡಲಿಲ್ಲ. ನನ್ನ ಹೆಸರಿನಲ್ಲಿ ಒಂದು ಗೋಲೂ ಇರಲಿಲ್ಲ. ಅಂಚಿನಲ್ಲಿ ನಿಂತವನಿಗೆ ಗೋಲಿನ ಹಕ್ಕಿಲ್ಲವೆಂದೇ ನಂಬಿದ್ದೆ.

ಈ ನಂಬಿಕೆ ಹೋದದ್ದು ಆಟದ ಮೈದಾನದಲ್ಲಲ್ಲ, ಓದಿನಿಂದ. ಎರಡು ಮಹಾಯುದ್ಧಗಳ ನಡುವಣ ಇಂಗ್ಲೆಂಡಿನ ಕಾಲ್ಚೆಂಡಾಟದ ಚರಿತ್ರೆಯನ್ನು ನಿಘಂಟಿನ ಸಹಾಯದಿಂದ ಓದುತ್ತಿದ್ದಾಗ ಕ್ಲಿಫ್ ಬ್ಯಾಸ್ಟಿನ್ ಎಂಬುವನ ಹೆಸರು ಸಿಕ್ಕಿತು. ನನ್ನಂತೆಯೇ ಎಡಗಡೆಯ ಅಂಚಿನವನು. ಲಂಡನ್ನಿನ ಆರ್ಸೆನಲ್ ತಂಡದ ಪರವಾಗಿ ಅವನು ಹೊಡೆದ ಗೋಲುಗಳು 178. ಅಂಚಿನಲ್ಲಿ ನಿಂತವನೊಬ್ಬ ಇಷ್ಟು ಗೋಲು ಹೊಡೆದದ್ದು ಹೇಗೆ? ಅದು ಅವನೊಬ್ಬನ ಕಾಲಿನ ಚಳಕವೋ, ಬೇರೆ ಯಾವುದಾದರೂ ಕಾರಣವೂ ಉಂಟೋ? ಸಹಪಾಠಿಗಳೂ ಅಧ್ಯಾಪಕರೂ ಸ್ವಲ್ಪ ಸಹನೆಯಿಂದ ಓದುವುದಾದರೆ ಇದಕ್ಕೆ ನನಗೆ ತೋರಿದ ಉತ್ತರವನ್ನು ಹೇಳುತ್ತೇನೆ.

ಮೊದಲು ಆ ಕಾಲದ ಆಟದ ವ್ಯವಸ್ಥೆ ತಿಳಿಯಬೇಕು. ಗೋಲ್‌ಕೀಪರನ ಮುಂದೆ ಇಬ್ಬರು ಫುಲ್‌ಬ್ಯಾಕುಗಳು, ಅವರ ಮುಂದೆ ಮೂವರು ಹಾಫ್‌ಬ್ಯಾಕುಗಳು, ಎಲ್ಲರಿಗಿಂತ ಮುಂದೆ ಸಾಲಾಗಿ ಐವರು ಫಾರ್ವರ್ಡುಗಳು. ಈ ಐವರಲ್ಲಿ ನಡುವಿನವನು ಸೆಂಟರ್ ಫಾರ್ವರ್ಡ್. ಅವನ ಎರಡು ಪಕ್ಕದವರು ಇನ್‌ಸೈಡಿನವರು. ಎರಡು ಕೊನೆಯವರು ಔಟ್‌ಸೈಡ್ ಲೆಫ್ಟ್ ಮತ್ತು ಔಟ್‌ಸೈಡ್ ರೈಟ್. ಈ ಕೊನೆಯವರ ಕೆಲಸ ಗೆರೆಯ ಉದ್ದಕ್ಕೂ ಓಡಿ, ಎದುರಾಳಿಯ ಮೂಲೆಯನ್ನು ಮುಟ್ಟಿ, ಚೆಂಡನ್ನು ಎತ್ತಿ ನಡುವಿಗೆ ಹಾಕುವುದು. ಮದುವೆಯ ಮನೆಯಲ್ಲಿ ಬಡಿಸುವವನಿದ್ದಂತೆ ಅವನು. ಎಲೆಯ ಮುಂದೆ ಕೂತು ಉಣ್ಣುವವನು ಬೇರೆ.

1925ರಲ್ಲಿ ಆಟದ ಒಂದು ನಿಯಮ ಬದಲಾಯಿತು. ಆಫ್‌ಸೈಡ್ ಎಂಬ ಈ ನಿಯಮದ ಹೆಸರು ಕೇಳಿದರೇ ನಮ್ಮಲ್ಲಿ ಅನೇಕರು ತಲೆ ಕೆರೆದುಕೊಳ್ಳುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಂದಿರುವ ಆಟಗಾರನಿಗೆ ಅವನ ಗೆಳೆಯ ಚೆಂಡನ್ನು ಒದೆಯುವ ಕ್ಷಣದಲ್ಲಿ, ಆ ಮುಂದಿನವನಿಗೂ ಎದುರಾಳಿಯ ಗೋಲಿನ ಗೆರೆಗೂ ನಡುವೆ ಎದುರು ಪಕ್ಷದವರು ಕನಿಷ್ಠ ಇಷ್ಟು ಜನ ಇರಲೇಬೇಕು ಎಂಬುದು ಅದರ ತಿರುಳು. 1925ರ ತನಕ ಆ ಸಂಖ್ಯೆ ಮೂರು. ಗೋಲ್‌ಕೀಪರ್ ಹೇಗೂ ಅಲ್ಲಿರುತ್ತಾನೆ. ಹಾಗಾಗಿ ಇಬ್ಬರು ಫುಲ್‌ಬ್ಯಾಕುಗಳಲ್ಲಿ ಒಬ್ಬ ಜಾಣ ಹತ್ತು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟರೆ ಸಾಕು, ಎದುರಾಳಿಯ ಫಾರ್ವರ್ಡುಗಳೆಲ್ಲ ತಪ್ಪಿಗೆ ಸಿಕ್ಕಿಬೀಳುತ್ತಿದ್ದರು. ನ್ಯೂಕ್ಯಾಸಲ್ ತಂಡದ ಬಿಲ್ ಮೆಕ್ರಾಕನ್ ಎಂಬುವನು ಈ ವಿದ್ಯೆಯಲ್ಲಿ ಹೆಸರುವಾಸಿಯಾಗಿದ್ದನು. ರೆಫರಿ ಸೀಟಿ ಊದುವುದೇ ಆಟವಾಯಿತು. ಜನಕ್ಕೆ ಬೇಸರ ಬಂತು. ಅದಕ್ಕಾಗಿ ಮೂರನ್ನು ಎರಡಕ್ಕೆ ಇಳಿಸಿದರು.

ಇದರ ಪರಿಣಾಮ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ಇಂಗ್ಲೆಂಡಿನ ಮೊದಲ ದರ್ಜೆಯ ಲೀಗಿನಲ್ಲಿ ಆಗ 22 ತಂಡಗಳು, ವರ್ಷಕ್ಕೆ 462 ಪಂದ್ಯಗಳು. 1924-25ರಲ್ಲಿ ಆ ಪಂದ್ಯಗಳಲ್ಲಿ ಬಂದ ಗೋಲುಗಳು 1,192, ಮರುವರ್ಷ 1,703. ಅಂದರೆ ಪಂದ್ಯಕ್ಕೆ ಒಂದಕ್ಕೂ ಹೆಚ್ಚು ಗೋಲು ಏರಿತು. ಒಂದೇ ಒಂದು ಅಂಕಿಯನ್ನು ತಿದ್ದಿದ್ದಕ್ಕೆ ಇಷ್ಟು! ಅರ್ಥಶಾಸ್ತ್ರದ ತರಗತಿಯಲ್ಲಿ ಕಾನೂನಿನ ಪರಿಣಾಮಗಳ ಬಗ್ಗೆ ಕೇಳಿದಾಗಲೆಲ್ಲ ನನಗೆ ಈ ಉದಾಹರಣೆಯೇ ನೆನಪಿಗೆ ಬರುತ್ತದೆ.

ಗೋಲು ಹೊಡೆಯುವುದು ಸುಲಭವಾದರೆ ತಡೆಯುವವನು ಸುಮ್ಮನಿರುವನೇ? 1925ರ ಬೇಸಿಗೆಯಲ್ಲಿ ಹರ್ಬರ್ಟ್ ಚ್ಯಾಪ್‌ಮನ್ ಎಂಬುವನು ಆರ್ಸೆನಲ್ಲಿಗೆ ಮ್ಯಾನೇಜರನಾಗಿ ಬಂದನು. ಹಿಂದೆ ಹಡರ್ಸ್‌ಫೀಲ್ಡ್ ತಂಡವನ್ನು ಮೇಲೆತ್ತಿ ಎರಡು ಸಲ ಲೀಗ್ ಗೆಲ್ಲಿಸಿದ್ದವನು. ಅದೇ ಅಕ್ಟೋಬರಿನಲ್ಲಿ ನ್ಯೂಕ್ಯಾಸಲ್ ತಂಡ ಆರ್ಸೆನಲ್ಲನ್ನು ಏಳು ಗೋಲುಗಳಿಂದ ಬಡಿಯಿತು, ಆರ್ಸೆನಲ್ಲಿನದು ಸೊನ್ನೆ. ತಂಡದ ಹಿರಿಯ ಆಟಗಾರ ಚಾರ್ಲಿ ಬ್ಯುಕನ್, ನಡುವಿನ ಹಾಫ್‌ಬ್ಯಾಕನ್ನು ಹಿಂದಕ್ಕೆ ಕರೆದು ಇಬ್ಬರು ಫುಲ್‌ಬ್ಯಾಕುಗಳ ನಡುವೆ ನಿಲ್ಲಿಸೋಣವೆಂದು ಹೇಳಿದನು. ಚ್ಯಾಪ್‌ಮನ್ ಒಪ್ಪಿದನು. ಆದರೆ ಒಬ್ಬನನ್ನು ಹಿಂದಕ್ಕೆ ಕರೆದರೆ ಮೈದಾನದ ನಡುವೆ ಜಾಗ ಖಾಲಿಯಾಗುತ್ತದಲ್ಲವೆ? ಅದನ್ನು ತುಂಬಲು ಇನ್‌ಸೈಡಿನ ಇಬ್ಬರು ಫಾರ್ವರ್ಡುಗಳನ್ನು ಕೆಳಕ್ಕೆ ಇಳಿಸಬೇಕಾಯಿತು.

ಓದುವವರು ಈಗ ಒಂದು ಕಾಗದದ ಮೇಲೆ ಇಂಗ್ಲಿಷಿನ ಡಬ್ಲ್ಯೂ ಅಕ್ಷರವನ್ನು ಬರೆದು ನೋಡಬೇಕು. ಅದಕ್ಕೆ ಮೇಲೆ ಮೂರು ತುದಿಗಳು, ಕೆಳಗೆ ಎರಡು. ಕೆಳಗಿನ ಎರಡು ತುದಿಗಳು ಇನ್‌ಸೈಡಿನವರು. ಮೇಲಿನ ಮೂರರಲ್ಲಿ ನಡುವಿನದು ಸೆಂಟರ್ ಫಾರ್ವರ್ಡ್. ಮಿಕ್ಕ ಎರಡು ಯಾರು? ನಮ್ಮ ಅಂಚಿನವರು! ಐದು ಜನರ ಸಾಲಿನಲ್ಲಿ ಮೂಲೆಗೆ ಬಿದ್ದಿದ್ದವರು, ಸಾಲು ಮುರಿದಾಗ ಎದುರಾಳಿಯ ಗೋಲಿಗೆ ಹತ್ತಿರದವರಾಗಿಬಿಟ್ಟರು. ಇದು ಯಾರೋ ಅವರಿಗೆ ಕರುಣೆಯಿಂದ ಕೊಟ್ಟ ಬಡ್ತಿಯಲ್ಲ. ಹಿಂದಿನ ಗೋಡೆ ಭದ್ರಪಡಿಸುವ ಗಡಿಬಿಡಿಯಲ್ಲಿ ತಾನಾಗಿ ಆದದ್ದು. ಆದರೆ ಆದದ್ದನ್ನು ಉಪಯೋಗಕ್ಕೆ ತಂದವನು ಚ್ಯಾಪ್‌ಮನ್. ಗೆರೆಗೆ ಅಂಟಿಕೊಂಡು ಓಡಬೇಡಿ, ಓರೆಯಾಗಿ ಗೋಲಿನ ಕಡೆಗೆ ನುಗ್ಗಿ ಎಂದು ಅವನು ತನ್ನ ಅಂಚಿನವರಿಗೆ ಕಲಿಸಿದನು. ಈ ಕೆಲಸಕ್ಕೆ ತಕ್ಕವರು ಬೇಕಾಗಿದ್ದರು. ಬಲಗಡೆಗೆ ಜೋ ಹ್ಯೂಮ್ ಎಂಬ ಗಾಳಿಯಂಥ ಓಟಗಾರ ಸಿಕ್ಕಿದ್ದನು. ಎಡಗಡೆಗೆ ಇನ್ನೂ ಸಿಕ್ಕಿರಲಿಲ್ಲ.

ಕ್ಲಿಫರ್ಡ್ ಬ್ಯಾಸ್ಟಿನ್ ಹುಟ್ಟಿದ್ದು 1912ರ ಮಾರ್ಚ್ 14ರಂದು, ಇಂಗ್ಲೆಂಡಿನ ನೈರುತ್ಯ ಮೂಲೆಯ ಎಕ್ಸೆಟರ್ ಎಂಬ ಊರಿನ ಹೆವಿಟ್ರೀ ಬಡಾವಣೆಯಲ್ಲಿ. ಕಾಲ್ಚೆಂಡಾಟಕ್ಕೆ ಹೆಸರಾದ ಲಂಕಾಷೈರು, ಯಾರ್ಕ್‌ಷೈರುಗಳಿಗೆ ಅದು ಬಹುದೂರ. ಹದಿನಾರು ತುಂಬಿದ ಸ್ವಲ್ಪದರಲ್ಲೇ ಊರಿನ ಎಕ್ಸೆಟರ್ ಸಿಟಿ ತಂಡಕ್ಕೆ ಆಡಲು ಆರಂಭಿಸಿದನು. ಅದು ಮೂರನೆಯ ದರ್ಜೆಯ ತಂಡ. 17 ಪಂದ್ಯಗಳು, 6 ಗೋಲುಗಳು. ಅಷ್ಟೇ ಅವನ ಅಲ್ಲಿಯ ಲೆಕ್ಕ. ವಾಟ್‌ಫರ್ಡ್ ಎಂಬಲ್ಲಿ ಎಕ್ಸೆಟರ್ ಆಡಿದಾಗ ಚ್ಯಾಪ್‌ಮನ್ ಬೇರೊಬ್ಬ ಆಟಗಾರನನ್ನು ನೋಡಲೆಂದು ಬಂದಿದ್ದನು. ಬಂದ ಕೆಲಸವನ್ನು ಮರೆತು ಈ ಹುಡುಗನನ್ನೇ ನೋಡುತ್ತ ಕೂತನು. 1929ರಲ್ಲಿ ಎರಡು ಸಾವಿರ ಪೌಂಡು ಕೊಟ್ಟು ಆರ್ಸೆನಲ್ ಅವನನ್ನು ಕರೆದುಕೊಂಡಿತು. ಆಗ ಅವನಿಗೆ ವಯಸ್ಸು ಹದಿನೇಳು. ಎಕ್ಸೆಟರಿನಲ್ಲಿ ಅವನು ಇನ್‌ಸೈಡಿನವನಾಗಿದ್ದನು. ಚ್ಯಾಪ್‌ಮನ್ ಅವನನ್ನು ಅಂಚಿಗೆ ಕಳಿಸಿದನು. ನನ್ನನ್ನು ಅಂಚಿಗೆ ಕಳಿಸಿದ್ದಕ್ಕೂ ಅವನನ್ನು ಕಳಿಸಿದ್ದಕ್ಕೂ ಎಷ್ಟು ವ್ಯತ್ಯಾಸವೆಂದು ಯೋಚಿಸಿ ನಾನು ಒಮ್ಮೆ ಒಬ್ಬನೇ ನಕ್ಕದ್ದುಂಟು.

ಮುಂದಿನ ಮೂರು ವರ್ಷ ಅವನಿಗೆ ಬಂದ ಭಾಗ್ಯ ಅಪೂರ್ವವಾದದ್ದು. ಹದಿನೆಂಟಕ್ಕೆ ಎಫ್.ಎ. ಕಪ್ಪಿನ ಪದಕ, ಹತ್ತೊಂಬತ್ತಕ್ಕೆ ಲೀಗ್ ಪದಕ, ಅದೇ ಹತ್ತೊಂಬತ್ತರಲ್ಲಿ, 1931ರ ನವೆಂಬರಿನಲ್ಲಿ, ವೇಲ್ಸ್ ವಿರುದ್ಧ ಇಂಗ್ಲೆಂಡ್ ತಂಡದಲ್ಲಿ ಸ್ಥಾನ. ಪತ್ರಿಕೆಗಳು ಅವನನ್ನು 'ಬಾಯ್ ಬ್ಯಾಸ್ಟಿನ್' ಎಂದು ಕರೆದವು.

1930ರ ಏಪ್ರಿಲ್ 26ರಂದು ವೆಂಬ್ಲಿಯಲ್ಲಿ ನಡೆದ ಕಪ್ಪಿನ ಅಂತಿಮ ಪಂದ್ಯದ ಸುದ್ದಿಚಿತ್ರದ ತುಣುಕನ್ನು ನಾನು ಗೆಳೆಯನ ಮೊಬೈಲ್ ಫೋನಿನಲ್ಲಿ ನೋಡಿದ್ದೇನೆ. ಜರ್ಮನಿಯ ಗ್ರಾಫ್ ಜೆಪೆಲಿನ್ ಎಂಬ ದೊಡ್ಡ ವಾಯುನೌಕೆ ಪಂದ್ಯದ ನಡುವೆ ಮೈದಾನದ ಮೇಲೆ ಹಾದುಹೋಯಿತು. ಆ ದಿನದ ವಿಷಯ ಬರೆದವರೆಲ್ಲ ಅದನ್ನೇ ಬರೆಯುತ್ತಾರೆ. ನನಗೆ ಬೇಕಾದದ್ದು ಮೊದಲ ಗೋಲು. ಆರ್ಸೆನಲ್ಲಿಗೆ ಒಂದು ಫ್ರೀ ಕಿಕ್ ಸಿಕ್ಕಿತು. ಹಡರ್ಸ್‌ಫೀಲ್ಡಿನವರು ಸಾಲುಗೂಡುವ ಮೊದಲೇ ಅಲೆಕ್ಸ್ ಜೇಮ್ಸ್ ಎಂಬುವನು ಚೆಂಡನ್ನು ಎಡಗಡೆಗೆ ಬ್ಯಾಸ್ಟಿನ್ನನಿಗೆ ತಳ್ಳಿ ತಾನು ಮುಂದೆ ಓಡಿದನು. ಬ್ಯಾಸ್ಟಿನ್ ಸ್ವಲ್ಪ ದೂರ ಓಡಿ ಚೆಂಡನ್ನು ಮರಳಿಸಿದನು. ಜೇಮ್ಸ್ ಗೋಲು ಹೊಡೆದನು. ಕೊನೆಗೆ ಆರ್ಸೆನಲ್ ಎರಡು ಗೋಲುಗಳಿಂದ ಗೆದ್ದಿತು. ಸೋತವರು ಚ್ಯಾಪ್‌ಮನ್ ಹಿಂದೆ ಕಟ್ಟಿದ ತಂಡದವರೇ.

ಈ ಜೇಮ್ಸನ ವಿಷಯ ಹೇಳದೆ ಬ್ಯಾಸ್ಟಿನ್ನನ ವಿಷಯ ಹೇಳಲಾಗದು. ಅವನು ಸ್ಕಾಟ್ಲೆಂಡಿನವನು, ಕುಳ್ಳ. ಮೊಣಕಾಲು ಮುಚ್ಚುವಷ್ಟು ಜೋಲು ಚಡ್ಡಿ ಹಾಕುತ್ತಿದ್ದನು. 1928ರಲ್ಲಿ ವೆಂಬ್ಲಿಯಲ್ಲೇ ಸ್ಕಾಟ್ಲೆಂಡ್ ಇಂಗ್ಲೆಂಡನ್ನು ಐದಕ್ಕೆ ಒಂದರಂತೆ ಸೋಲಿಸಿದಾಗ ಎರಡು ಗೋಲು ಅವನದು. (ಮಿಕ್ಕ ಮೂರನ್ನು ಹೊಡೆದ ಅಲೆಕ್ಸ್ ಜ್ಯಾಕ್‌ಸನ್ ಬಲಗಡೆಯ ಅಂಚಿನವನೆಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಗೋಲಿನ ಹಕ್ಕು ಕೇಳಿದ ಅಂಚಿನವನು ಬ್ಯಾಸ್ಟಿನ್ ಒಬ್ಬನೇ ಅಲ್ಲ.) ಪ್ರೆಸ್ಟನ್ ತಂಡದಲ್ಲಿದ್ದಾಗ ಜೇಮ್ಸ್ ಐವತ್ತಕ್ಕೂ ಹೆಚ್ಚು ಗೋಲು ಹೊಡೆದಿದ್ದನು. 1929ರಲ್ಲಿ 8,750 ಪೌಂಡಿಗೆ ಆರ್ಸೆನಲ್ಲಿಗೆ ಬಂದ ಮೇಲೆ ಚ್ಯಾಪ್‌ಮನ್ ಅವನನ್ನು ಡಬ್ಲ್ಯೂ ಅಕ್ಷರದ ಕೆಳ ತುದಿಗೆ ಇಳಿಸಿದನು. ಗೋಲು ಹೊಡೆಯುವವನು ಚೆಂಡು ಒದಗಿಸುವವನಾದನು. ಮೊದಲು ಅವನಿಗೆ ಇದು ಹೊಂದಲಿಲ್ಲ. ಕೆಲವು ಕಾಲ ತಂಡದಿಂದ ಹೊರಗೂ ಇರಬೇಕಾಯಿತು. ಆಮೇಲೆ ಒಗ್ಗಿಕೊಂಡನು. ಆರ್ಸೆನಲ್ಲಿನ ಎಂಟು ವರ್ಷಗಳಲ್ಲಿ ಅವನ ಗೋಲುಗಳು ಕೇವಲ 27.

ಎದುರಾಳಿಗಳು ಮುನ್ನುಗ್ಗಿ ಬರಲೆಂದು ಆರ್ಸೆನಲ್ ಹಿಂದೆ ಸರಿದು ಕಾಯುತ್ತಿತ್ತು. ಚೆಂಡು ಕೈವಶವಾದ ಕೂಡಲೇ ಜೇಮ್ಸನಿಗೆ. ಜೇಮ್ಸ್ ತಲೆ ಎತ್ತಿ ನೋಡುವುದರೊಳಗೆ ಬ್ಯಾಸ್ಟಿನ್ ಹೊರಟಾಗಿರುತ್ತಿತ್ತು. ಎದುರಾಳಿಯ ಬ್ಯಾಕಿನ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಜೇಮ್ಸ್ ಚೆಂಡು ಕಳಿಸಬೇಕು; ಅದೇ ಹೊತ್ತಿಗೆ ಬ್ಯಾಸ್ಟಿನ್ ಅಲ್ಲಿರಬೇಕು. ಅರ್ಧ ಕ್ಷಣ ಮೊದಲು ಹೋದರೆ ಆಫ್‌ಸೈಡ್, ಅರ್ಧ ಕ್ಷಣ ತಡವಾದರೆ ಬ್ಯಾಕ್ ತಿರುಗಿಕೊಳ್ಳುತ್ತಾನೆ. ಇನ್ನೊಂದು ದಾರಿ ಬಲಗಡೆಯದು. ಹ್ಯೂಮ್ ಓಡಿ ಚೆಂಡನ್ನು ಅಡ್ಡಲಾಗಿ ಹಾಕಿದಾಗ, ಎಲ್ಲರೂ ಆ ಕಡೆ ನೋಡುತ್ತಿರುವಂತೆಯೇ ಬ್ಯಾಸ್ಟಿನ್ ಎಡಗಡೆಯಿಂದ ಸದ್ದಿಲ್ಲದೆ ಒಳಗೆ ಬಂದಿರುತ್ತಿದ್ದನು. ಅವನನ್ನು ಕಂಡವರೆಲ್ಲ ಮೆಚ್ಚಿದ ಗುಣ ಅವನ ತಣ್ಣನೆಯ ಮನಸ್ಸು. ಗೋಲಿನ ಮುಂದೆ ಅವನು ಗಾಬರಿಯಾಗುತ್ತಿರಲಿಲ್ಲ. ಓಟದ ವೇಗ ಅನೇಕರಿಗೆ ಉಂಟು. ಓಡಿದ ಮೇಲೆ ತಣ್ಣಗೆ ನಿಂತು ನೋಡುವ ಕಣ್ಣು ಅಪರೂಪ.

1932-33ರಲ್ಲಿ ಈ ಯಂತ್ರ ಪೂರ್ಣವೇಗದಲ್ಲಿ ನಡೆಯಿತು. ಲೀಗಿನಲ್ಲಿ ಆರ್ಸೆನಲ್ ಹೊಡೆದ ಗೋಲುಗಳು 118. ಅವುಗಳಲ್ಲಿ 33 ಬ್ಯಾಸ್ಟಿನ್ನನವು, 20 ಹ್ಯೂಮನವು. ಅಂದರೆ ಐವತ್ತಮೂರು ಗೋಲುಗಳು, ಸುಮಾರು ಅರ್ಧದಷ್ಟು, ಎರಡು ಅಂಚುಗಳಿಂದ ಬಂದವು. ಅಂಚಿನ ಆಟಗಾರನೊಬ್ಬ ಒಂದು ಲೀಗ್ ವರ್ಷದಲ್ಲಿ 33 ಗೋಲು ಹೊಡೆಯುವುದು ಹಿಂದೆ ಯಾರೂ ಕಾಣದ ಸಂಗತಿ. ಆಗ ಬ್ಯಾಸ್ಟಿನ್ನನಿಗೆ ವಯಸ್ಸು ಇಪ್ಪತ್ತೊಂದು, ಅಂದರೆ ನನಗಿಂತ ಒಂದೇ ವರ್ಷ ದೊಡ್ಡವನು.

ಇಲ್ಲಿ ನಾನು ಮೊದಲು ಕೇಳಿದ ಪ್ರಶ್ನೆಗೆ ಬರುತ್ತೇನೆ. ಆ 178 ಗೋಲುಗಳು ಬ್ಯಾಸ್ಟಿನ್ನನವೇ. ಆದರೆ ಅವನೊಬ್ಬನವೇ ಅಲ್ಲ. ನಿಯಮ ಬದಲಾಗದಿದ್ದರೆ ಅವನ ಮುಂದೆ ಆ ಖಾಲಿ ಜಾಗ ಇರುತ್ತಿರಲಿಲ್ಲ. ಚ್ಯಾಪ್‌ಮನ್ ಕಾಣದಿದ್ದರೆ ಅವನು ಎಕ್ಸೆಟರಿನಲ್ಲೇ ಉಳಿಯುತ್ತಿದ್ದನೇನೋ. ಜೇಮ್ಸ್ ತನ್ನ ಗೋಲುಗಳನ್ನು ಬಿಟ್ಟುಕೊಡದಿದ್ದರೆ ಅವನಿಗೆ ಚೆಂಡು ಬರುತ್ತಿರಲಿಲ್ಲ. ಬ್ಯಾಸ್ಟಿನ್ನನ ಪ್ರತಿಭೆಯನ್ನು ಇದರಿಂದ ಕಡಿಮೆ ಮಾಡಿದಂತಾಗುತ್ತದೆ ಎಂದು ನನ್ನ ಗೆಳೆಯನೊಬ್ಬ ವಾದಿಸಿದನು. ನಾನು ಒಪ್ಪಲಿಲ್ಲ. ಅದೇ ನಿಯಮ ಎಲ್ಲ ತಂಡದವರಿಗೂ ಇತ್ತು. ಅದೇ ಜೇಮ್ಸ್ ಬೇರೆಯವರಿಗೂ ಚೆಂಡು ಕೊಟ್ಟನು. ಮೂವತ್ತಮೂರು ಹೊಡೆದವನು ಇವನೊಬ್ಬನೇ.

ಜೇಮ್ಸನ ಆ ಇಪ್ಪತ್ತೇಳು ಗೋಲುಗಳ ಲೆಕ್ಕವನ್ನು ಬರೆದುಕೊಂಡ ದಿನ ನನಗೆ ಬೇರೊಂದು ನೆನಪಾಯಿತು. ನನ್ನ ಅಕ್ಕ ಎಸ್.ಎಸ್.ಎಲ್.ಸಿ.ಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದಿದ್ದಳು. ಇಬ್ಬರನ್ನೂ ಪಟ್ಟಣಕ್ಕೆ ಕಳಿಸುವ ಶಕ್ತಿ ಅಪ್ಪನಿಗಿರಲಿಲ್ಲ. "ಅವ್ನೇ ಓದ್ಲಿ ಬುಡಪ್ಪ" ಎಂದಳು. ಈಗ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ನನ್ನ ಬಸ್ ಪಾಸು, ಪರೀಕ್ಷೆಯ ಶುಲ್ಕ, ಕಾಲಿನ ಬೂಟು ಎಲ್ಲವೂ ಅವಳ ಸಂಬಳದ್ದು. ಇದು ವಿಷಯಾಂತರವೆಂದು ಅಧ್ಯಾಪಕರು ಹೇಳಿದರೆ ಒಪ್ಪುತ್ತೇನೆ, ಆದರೆ ಅಳಿಸುವುದಿಲ್ಲ.

ಅಪ್ಪನಿಗೂ ಒಂದು ಸಂಜೆ ಈ ಕಥೆ ಹೇಳಿದೆ. ಅವರು ಅರಿಸಿನದ ಹೊಲಗಳಲ್ಲಿ ಕೂಲಿ ಮಾಡುವವರು. 1935ರ ಮಾರ್ಚಿನಲ್ಲಿ ಸಂಡರ್‌ಲೆಂಡ್ ವಿರುದ್ಧದ ಪಂದ್ಯ ನೋಡಲು ಆರ್ಸೆನಲ್ಲಿನ ಹೈಬರಿ ಮೈದಾನಕ್ಕೆ 73,295 ಜನ ಬಂದಿದ್ದರೆಂದಾಗ ಅವರು ಗೋಲಿನ ವಿಷಯ ಕೇಳಲಿಲ್ಲ.

"ಅಷ್ಟ್ ಜನ ದುಡ್ ಕೊಟ್ಟು ಬತ್ತಿದ್ರಾ? ಅವ್ನಿಗೆ ಎಷ್ಟ್ಲಾ ಕೊಡ್ತಿದ್ರು?"

"ವಾರಕ್ಕೆ ಎಂಟು ಪೌಂಡು ಅಪ್ಪ. ಬೇಸಿಗೆಯಲ್ಲಿ ಆರು. ಅದಕ್ಕಿಂತ ಹೆಚ್ಚು ಯಾರಿಗೂ ಕೊಡಬಾರದು ಅಂತ ಕಟ್ಟಳೆ ಇತ್ತು."

"ಮಿಕ್ಕುದ್ದು ಯಾರ್ಗೆ?"

ಅದಕ್ಕೆ ನನ್ನಲ್ಲಿ ಉತ್ತರವಿತ್ತು, ಅವರಿಗೂ ಗೊತ್ತಿತ್ತು. ಇಂಗ್ಲೆಂಡಿನಲ್ಲಿ ಆ ಕಟ್ಟಳೆ ರದ್ದಾದದ್ದು 1961ರಲ್ಲಿ. ಕಾರ್ಖಾನೆಯ ಕೂಲಿಗಿಂತ ಎಂಟು ಪೌಂಡು ಹೆಚ್ಚೇ ಆಗಿತ್ತೆಂಬುದು ನಿಜ. ಆದರೆ ಕ್ಲಬ್ಬು ಒಪ್ಪದೆ ಆಟಗಾರ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. ಲೀಗನ್ನು ಐದು ಸಲ ಗೆದ್ದ ಬ್ಯಾಸ್ಟಿನ್ನನಿಗೂ ಇದೇ ಮಿತಿ.

1934ರ ಜನವರಿ 6ರಂದು ಚ್ಯಾಪ್‌ಮನ್ ನ್ಯೂಮೋನಿಯಾದಿಂದ ತೀರಿಕೊಂಡನು. ತಂಡ ಗೆಲ್ಲುತ್ತಲೇ ಇತ್ತು: 1934ರಲ್ಲಿ ಲೀಗ್, 1935ರಲ್ಲಿ ಮತ್ತೆ ಲೀಗ್, 1936ರಲ್ಲಿ ಕಪ್ಪು, 1938ರಲ್ಲಿ ಇನ್ನೊಮ್ಮೆ ಲೀಗ್. ಆದರೆ ಬ್ಯಾಸ್ಟಿನ್ನನನ್ನು ಬೇಕಾದ ಕಡೆಯಲ್ಲೆಲ್ಲ ನಿಲ್ಲಿಸತೊಡಗಿದರು. ಕೆಲವು ಕಾಲ ಹಾಫ್‌ಬ್ಯಾಕಾಗಿಯೂ ಆಡಿಸಿದರು. ಇಂಗ್ಲೆಂಡ್ ತಂಡದಲ್ಲಿಯೂ ಅವನ ಎಡ ಅಂಚು ಯಾವಾಗಲೂ ಅವನದಾಗಿರಲಿಲ್ಲ. ಮ್ಯಾಂಚೆಸ್ಟರ್ ಸಿಟಿಯ ಎರಿಕ್ ಬ್ರೂಕ್ ಎಂಬ ಇನ್ನೊಬ್ಬ ಗೋಲಿನ ಹಸಿವಿನ ಎಡ ಅಂಚಿನವನಿದ್ದನು. ತನ್ನ ತಂಡಕ್ಕೆ 177 ಗೋಲು ಹೊಡೆದವನು. 1934ರ ನವೆಂಬರಿನಲ್ಲಿ ಇಟಲಿಯ ವಿರುದ್ಧ ಹೈಬರಿಯಲ್ಲಿ ನಡೆದ, ಆಟಕ್ಕಿಂತ ಕಾಳಗವೆಂದೇ ಹೆಸರಾದ ಪಂದ್ಯದಲ್ಲಿ ಬ್ರೂಕ್ ಅಂಚಿನಲ್ಲಿ ನಿಂತು ಎರಡು ಗೋಲು ಹೊಡೆದನು. ಬ್ಯಾಸ್ಟಿನ್ ಅವನ ಪಕ್ಕದಲ್ಲಿ ಇನ್‌ಸೈಡಿನವನಾಗಿ ಆಡಿದನು. ಒಂದೇ ಕಾಲದಲ್ಲಿ ಇಂಥ ಇಬ್ಬರಿದ್ದದ್ದು ಕಾಲದ ಗುಣವನ್ನು ತೋರಿಸುತ್ತದೆ.

1938ರ ಮೇ 14ರಂದು ಬರ್ಲಿನ್ನಿನಲ್ಲಿ ಇಂಗ್ಲೆಂಡ್ ಜರ್ಮನಿಯನ್ನು ಆರಕ್ಕೆ ಮೂರರಂತೆ ಸೋಲಿಸಿತು. ಮೊದಲ ಗೋಲು ಬ್ಯಾಸ್ಟಿನ್ನನದು. ಆದರೆ ಅಂದಿನ ಆಟವನ್ನು ಯಾರೂ ನೆನೆಯುವುದಿಲ್ಲ. ರಾಯಭಾರಿಯ ಸಲಹೆಯ ಮೇರೆಗೆ ಇಂಗ್ಲೆಂಡಿನ ಆಟಗಾರರು ಪಂದ್ಯಕ್ಕೆ ಮೊದಲು ಬಲಗೈ ಚಾಚಿ ನಾಜಿ ವಂದನೆ ಸಲ್ಲಿಸಿದರು. ಆ ಛಾಯಾಚಿತ್ರವೇ ಉಳಿದಿದೆ. ಸಾಲಿನಲ್ಲಿ ನಿಂತ ಹನ್ನೊಂದು ಜನರಿಗೆ ಆ ಹೊತ್ತಿನಲ್ಲಿ ಎಷ್ಟು ಸ್ವಾತಂತ್ರ್ಯವಿತ್ತೆಂದು ರಾಜ್ಯಶಾಸ್ತ್ರದ ಗೆಳೆಯರು ಚರ್ಚಿಸಬಹುದು. ಇಂಗ್ಲೆಂಡಿಗಾಗಿ ಬ್ಯಾಸ್ಟಿನ್ ಒಟ್ಟು 21 ಪಂದ್ಯಗಳಲ್ಲಿ 12 ಗೋಲು ಹೊಡೆದನು.

ಇದೇ ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ಏನಾಗುತ್ತಿತ್ತು ಎಂದು ಓದುವವರು ಕೇಳುವುದು ನ್ಯಾಯವೇ. ಈ ಆಟವನ್ನು ನಮ್ಮಲ್ಲಿಗೆ ತಂದವರು ಕಂಟೋನ್ಮೆಂಟಿನ ಗೋರಾ ಸಿಪಾಯಿಗಳು. ಬೊಂಬಾಯಿಯ ರೋವರ್ಸ್ ಕಪ್ ಪಂದ್ಯಾವಳಿ 1891ರಲ್ಲಿ ಆರಂಭವಾಯಿತು. ಬಹುಕಾಲ ಅದನ್ನು ಗೆಲ್ಲುತ್ತಿದ್ದವರು ಬ್ರಿಟಿಷ್ ಸೇನೆಯ ತಂಡಗಳೇ. 1923ರಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ಅಂತಿಮ ಪಂದ್ಯದ ತನಕ ಹೋಗಿ ಸೋತಿತು. ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದು? ಕಲ್ಕತ್ತೆಯದಲ್ಲ, ಬೊಂಬಾಯಿಯದೂ ಅಲ್ಲ. ನಮ್ಮ ಬೆಂಗಳೂರಿನ ಬೆಂಗಳೂರು ಮುಸ್ಲಿಮ್ಸ್! ವರ್ಷ 1937. ಅವರು ಸೋಲಿಸಿದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. 1934ರಿಂದ ಐದು ವರ್ಷ ಸತತವಾಗಿ ಕಲ್ಕತ್ತಾ ಲೀಗ್ ಗೆದ್ದ ತಂಡವದು. ಮರುವರ್ಷ, 1938ರಲ್ಲಿ, ಬೆಂಗಳೂರಿನವರು ಗೋರಾ ಪಲ್ಟನ್ನಿನ ತಂಡವೊಂದನ್ನು ಸೋಲಿಸಿ ಕಪ್ಪನ್ನು ಉಳಿಸಿಕೊಂಡರು. ಬ್ಯಾಸ್ಟಿನ್ ಬರ್ಲಿನ್ನಿನಲ್ಲಿ ಗೋಲು ಹೊಡೆದ ವರ್ಷವೇ ಇದು. ಇಲ್ಲಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಆದರೂ ನನಗೆ ಇದು ತಿಳಿದದ್ದು ಲಂಡನ್ನಿನವನ ಕಥೆಯನ್ನು ಓದಿದ ಮೇಲೆ.

ಆ ಮೊಹಮ್ಮಡನ್ ಸ್ಪೋರ್ಟಿಂಗಿನ ಬಲ ಅಂಚಿನವನು ಮೊಹಮ್ಮದ್ ಸಲೀಂ. 1936ರಲ್ಲಿ ಅವನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಹೋಗಿ ಸೆಲ್ಟಿಕ್ ತಂಡದ ಪರವಾಗಿ ಎರಡು ಪಂದ್ಯ ಆಡಿದನು. ಬೂಟಿಲ್ಲದೆ, ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡು. ಸೆಲ್ಟಿಕ್ಕಿನ ಹಿರಿಯನೊಬ್ಬ ಮಂಡಿಯೂರಿ ಅವನ ಪಾದಕ್ಕೆ ಪಟ್ಟಿ ಸುತ್ತುತ್ತಿರುವ ಚಿತ್ರವಿದೆ. ಅಲ್ಲಿಯ ಪತ್ರಿಕೆಗಳು ಬೆರಗಾಗಿ ಬರೆದವು. ಆದರೆ ಸಲೀಮನಿಗೆ ಊರಿನ ನೆನಪು ಬಿಡಲಿಲ್ಲ, ಕಲ್ಕತ್ತೆಗೆ ಮರಳಿದನು. ಹಾಸ್ಟೆಲಿಗೆ ಬಂದ ಮೊದಲ ವಾರವೇ ಗಂಟುಮೂಟೆ ಕಟ್ಟಿ ಊರಿನ ಬಸ್ಸು ಹತ್ತಿದ ನಾನು ಇದನ್ನು ಅರ್ಥಮಾಡಿಕೊಳ್ಳಬಲ್ಲೆ. 1948ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದವರು ಬಹುಪಾಲು ಬರಿಗಾಲಿನಲ್ಲೇ ಫ್ರಾನ್ಸಿನೊಡನೆ ಆಡಿ ಎರಡಕ್ಕೆ ಒಂದರಂತೆ ಸೋತಾಗ, ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್ ಅವರು. ಒಲಿಂಪಿಕ್ಸಿನ ಕಾಲ್ಚೆಂಡಾಟದಲ್ಲಿ ಭಾರತದ ಮೊದಲ ಗೋಲು ಅದು. ಅವರು ಅಂಚಿನವರಲ್ಲ, ಇನ್‌ಸೈಡಿನವರು. ಆದರೂ ಈ ಪುಟದಲ್ಲಿ ಅವರ ಹೆಸರು ಇರಬೇಕೆಂದು ನನಗನ್ನಿಸಿತು.

ಬ್ಯಾಸ್ಟಿನ್ನನ ಕೊನೆಯ ವರ್ಷಗಳ ವಿಷಯ ಇನ್ನು ಉಳಿದಿದೆ. ಇಪ್ಪತ್ತೈದು ದಾಟುವ ಹೊತ್ತಿಗೆ ಅವನ ಕಿವಿ ಮಂದವಾಗುತ್ತ ಬಂದಿತ್ತು. ಎಪ್ಪತ್ತು ಸಾವಿರ ಜನ ಕೂಗುವ ಮೈದಾನದಲ್ಲಿ ಆ ಕೂಗು ದೂರ ದೂರವಾಗುತ್ತ ಹೋದದ್ದನ್ನು ಊಹಿಸಿಕೊಂಡರೆ ಮನಸ್ಸಿಗೆ ಒಂದು ಬಗೆಯಾಗುತ್ತದೆ. 1937-38ರಲ್ಲಿ ಮತ್ತೆ ಎಡ ಅಂಚಿಗೆ ಬಂದು 15 ಲೀಗ್ ಗೋಲು ಹೊಡೆದು ಇನ್ನೊಂದು ಪದಕಕ್ಕೆ ನೆರವಾದನು. ಆಮೇಲೆ ಕಾಲಿಗೆ ಪೆಟ್ಟಾಯಿತು. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ ಲೀಗ್ ನಿಂತಿತು. ಅವನಿಗೆ ಆಗ ಇಪ್ಪತ್ತೇಳು, ಆಟಗಾರನಿಗೆ ತುಂಬಿದ ವಯಸ್ಸು. ಕಿವಿ ಕೇಳದ್ದರಿಂದ ಸೈನ್ಯಕ್ಕೆ ತೆಗೆದುಕೊಳ್ಳಲಿಲ್ಲ. ಶತ್ರುವಿಮಾನಗಳು ಬರುವುದನ್ನು ನೋಡಿ ಎಚ್ಚರಿಸುವ ಕಾವಲುಗಾರನಾಗಿ ಅವನು ದುಡಿದದ್ದು ಎಲ್ಲಿ ಎಂದುಕೊಂಡಿರಿ? ಅದೇ ಹೈಬರಿ ಮೈದಾನದ ಮೇಲೆ. 1941ರಲ್ಲಿ ಇಟಲಿಯ ರೇಡಿಯೋ, ಕ್ರೀಟ್ ದ್ವೀಪದ ಕಾಳಗದಲ್ಲಿ ಬ್ಯಾಸ್ಟಿನ್ ಸೆರೆಸಿಕ್ಕಿದನೆಂದು ಜಂಬದಿಂದ ಸಾರಿತು. ಆತ ಲಂಡನ್ನಿನಲ್ಲಿದ್ದನು.

ಯುದ್ಧಕಾಲದಲ್ಲಿ ಅವನು ಆಡಿದ ಪಂದ್ಯಗಳ ಗೋಲುಗಳು ಅಧಿಕೃತ ಲೆಕ್ಕಕ್ಕೆ ಸೇರುವುದಿಲ್ಲ. ಯುದ್ಧ ಮುಗಿದ ಮೇಲೆ ಲೀಗಿನಲ್ಲಿ ಆರು ಪಂದ್ಯ ಆಡಿದನು. ಗೋಲು ಬರಲಿಲ್ಲ. 1947ರಲ್ಲಿ ಆಟ ಬಿಟ್ಟು ಎಕ್ಸೆಟರಿಗೆ ಮರಳಿ, ಆ ಕಡೆ ಪಬ್ ಎನ್ನುವ ಪಾನಗೃಹವನ್ನು ನಡೆಸುತ್ತ ಜೀವಿಸಿದನು. ಜೇಮ್ಸ್ 1953ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ಬ್ಯಾಸ್ಟಿನ್ 1991ರ ತನಕ ಬದುಕಿದ್ದನು. ಆರ್ಸೆನಲ್ಲಿನ ಅವನ 178 ಗೋಲುಗಳ ದಾಖಲೆಯನ್ನು 1997ರ ಸೆಪ್ಟೆಂಬರಿನಲ್ಲಿ ಇಯಾನ್ ರೈಟ್ ಮುರಿದನು. ರೈಟನ ದಾಖಲೆಯನ್ನು 2005ರಲ್ಲಿ ಫ್ರಾನ್ಸಿನ ತಿಯೆರಿ ಆನ್ರಿ ಮುರಿದನು. ರೈಟ್ ನಡುವಿನವನು. ಆನ್ರಿಯನ್ನೂ ನಡುವಿನವನೆಂದೇ ಬರೆಯುತ್ತಾರೆ. ಆದರೆ ಅವನು ಹುಡುಗನಾಗಿದ್ದಾಗ ಎಡ ಅಂಚಿನಲ್ಲಿ ಆಡಿದವನು, ದೊಡ್ಡವನಾದ ಮೇಲೂ ಎಡಗಡೆಯಿಂದಲೇ ಓರೆಯಾಗಿ ಒಳನುಗ್ಗಿ ಗೋಲು ಹೊಡೆಯುತ್ತಿದ್ದನು.

ಎಕ್ಸೆಟರ್ ಸಿಟಿಯ ಮೈದಾನದಲ್ಲಿ ನೋಡುವವರು ಕೂರುವ ಒಂದು ಕಟ್ಟೆಗೆ ಬ್ಯಾಸ್ಟಿನ್ನನ ಹೆಸರಿಟ್ಟಿದ್ದಾರೆ. ಆ ತಂಡಕ್ಕೆ ಅವನು ಆಡಿದ್ದು ಹದಿನೇಳೇ ಪಂದ್ಯ.